ಹೊಂಗೆಯ ಹಿಂಡಿ ಊರು ಬಿಡಬಾರದು

ನಾಡಿನ ಬಯಲುಸೀಮೆಯಲ್ಲಿ ಹೊಂಗೆಯ ಮರವಿಲ್ಲದ ಗ್ರಾಮವನ್ನು ಕಾಣುವುದು ಅಪರೂಪ. ಕೆರೆಯ ಹಿಂದೆ, ಹಳ್ಳದ ದಂಡೆಯಲ್ಲಿ, ಗುಂಡುತೋಪಿನಲ್ಲಿ, ಗಾಡಿದಾರಿಯ ಇಕ್ಕೆಲಗಳಲ್ಲಿ, ಹೊಲದ ಬದುವಿನಲ್ಲಿ ಈ ಮರವು ಅನೇಕ ವೇಳೆ ಯಾರೂ ಬಿತ್ತದೆ, ಯಾರೂ ನೀರೆರೆಯದೆ ತಾನಾಗಿಯೇ ಬೆಳೆದು ನಿಂತಿರುತ್ತದೆ. ಸುಲಭವಾಗಿ ದೊರೆತ ವಸ್ತುವಿಗೆ ಬೆಲೆ ಕಡಮೆ ಎಂಬುದು ಲೋಕರೂಢಿ. ಮಾವಿನ ಮರವೊಂದನ್ನು ಕಡಿಯಬೇಕಾದರೆ ಹತ್ತು ಸಲ ಯೋಚಿಸುವ ರೈತನು ಹೊಂಗೆಗೆ ಕೊಡಲಿ ಹಾಕುವಾಗ ಒಂದು ಸಲವೂ ಯೋಚಿಸುವುದಿಲ್ಲ. ಸೊಪ್ಪು ಸೌದೆಗಳನ್ನು ಒಯ್ಯುವಾಗ ಇದು ಎಲ್ಲರ ಮರ. ಕಾಪಾಡುವಾಗ ಮಾತ್ರ ಯಾರ ಮರವೂ ಅಲ್ಲ. ಇದರಿಂದ ಭೂಮಿಗೆ ಆಗುತ್ತಿರುವ ನಷ್ಟವು ಮೇಲ್ನೋಟಕ್ಕೆ ಕಾಣುವುದಕ್ಕಿಂತ ಹೆಚ್ಚಿನದು. ಆದಕಾರಣ ಗ್ರಾಮದ ಹಿರಿಯರೂ ಜಮೀನುದಾರರೂ ಈ ವಿಷಯದಲ್ಲಿ ಸ್ವಲ್ಪ ಗಮನವಿಡುವುದು ಅವಶ್ಯಕವಾಗಿದೆ.

ಹೊಂಗೆಗೆ ಸಂಸ್ಕೃತದಲ್ಲಿ ಕರಂಜವೆಂದೂ ನಕ್ತಮಾಲವೆಂದೂ ಹೆಸರುಗಳುಂಟು. ಸಸ್ಯಶಾಸ್ತ್ರಜ್ಞರು ಇದನ್ನು ಪೊಂಗಾಮಿಯ ಎಂದೂ ಮಿಲೆಟಿಯ ಎಂದೂ ಕರೆಯುತ್ತಾರೆ. ತೊಗರಿ, ಅವರೆ, ಹುರುಳಿಗಳಂತೆ ಇದೂ ದ್ವಿದಳ ವರ್ಗಕ್ಕೆ ಸೇರಿದ್ದು. ಆ ವರ್ಗದ ಇತರ ಸಸ್ಯಗಳಂತೆಯೇ ಇದರ ಬೇರಿನಲ್ಲಿಯೂ ಗಂಟುಗಳುಂಟಾಗಿ, ಅವುಗಳಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಮರಕ್ಕೆ ಒದಗಿಸುತ್ತವೆ. ಶಿಶಿರದ ಕೊನೆಯಲ್ಲಿ ಎಲೆಯುದುರಿಸಿ, ಕೆಲವೇ ದಿನಗಳಲ್ಲಿ ಹೊಸ ಚಿಗುರನ್ನು ತಳೆದು, ಯುಗಾದಿಯ ಸುಮಾರಿಗೆ ಮರವು ನಸುನೇರಳೆ ಬೆರೆತ ಬಿಳಿಯ ಹೂಗಳಿಂದ ತುಂಬುತ್ತದೆ. ಆ ಕಾಲದಲ್ಲಿ ಹೊಲಗಳಲ್ಲಿ ಬೇರೆ ಹೂವು ವಿರಳವಾಗಿರುವುದರಿಂದ ಜೇನುನೊಣಗಳಿಗೆ ಇದು ದೊಡ್ಡ ಆಸರೆ. ಹೂವು ಕಾಯಾಗಿ ಬಲಿಯುವುದಕ್ಕೆ ಸುಮಾರು ಹತ್ತು ತಿಂಗಳು ಬೇಕು. ಕಾಯಿ ತಾನಾಗಿ ಸೀಳುವುದಿಲ್ಲ. ಅದರೊಳಗೆ ಸಾಮಾನ್ಯವಾಗಿ ಒಂದೇ ಬೀಜವಿರುತ್ತದೆ. ಉರಿಬಿಸಿಲಿನಲ್ಲಿ ಉಳಿದ ಗಿಡಮರಗಳು ಬೋಳಾಗಿ ನಿಂತಿರುವಾಗ ಹೊಂಗೆಯೊಂದು ದಟ್ಟವಾದ ಹಸಿರಿನಿಂದ ಕೂಡಿರುವುದರಿಂದಲೇ ಹಳ್ಳಿಯ ಜನರು ಅದರ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸುತ್ತಾರೆ.

ಹಿಂದಿನ ಕಾಲದಲ್ಲಿ ಈ ಮರದ ಬೆಲೆಯು ಗ್ರಾಮಸ್ಥರಿಗೆ ಚೆನ್ನಾಗಿ ತಿಳಿದಿತ್ತು. ಸೀಮೆಎಣ್ಣೆ ಬರುವುದಕ್ಕೆ ಮುಂಚೆ ಅನೇಕ ಮನೆಗಳ ದೀಪವು ಹೊಂಗೆ ಎಣ್ಣೆಯಿಂದ ಉರಿಯುತ್ತಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ವೃತ್ತಾಂತದಲ್ಲಿ ಹೊಂಗೆ ಎಣ್ಣೆಯನ್ನು ಉಲ್ಲೇಖಿಸಿದ್ದಾನೆ. ಊರಿನ ಬೀಜವನ್ನು ಊರಿನ ಗಾಣದಲ್ಲಿಯೇ ಅರೆಯುತ್ತಿದ್ದುದರಿಂದ ಎಣ್ಣೆಯು ಮನೆಗೂ ಹಿಂಡಿಯು ಹೊಲಕ್ಕೂ ಸಲ್ಲುತ್ತಿದ್ದವು. ಮಳೆ ಹಿಡಿದು ಗದ್ದೆ ಕೆಸರಾದ ಕೂಡಲೆ ಮರದ ಸೊಪ್ಪನ್ನು ಕೊಯ್ದು ತಂದು ತುಳಿಸುತ್ತಿದ್ದರು. ಅನಂತರ ಸೀಮೆಎಣ್ಣೆಯೂ, ಅದರ ಬೆನ್ನಲ್ಲಿ ವಿದ್ಯುದ್ದೀಪವೂ ಬಂದು ಎಣ್ಣೆಯ ಅಗತ್ಯವನ್ನು ತಪ್ಪಿಸಿದವು. ಚೀಲದ ಗೊಬ್ಬರವು ಬಂದು ಸೊಪ್ಪನ್ನೂ ಹಿಂಡಿಯನ್ನೂ ಮರೆಯಿಸಿತು. ಗಾಣಗಳು ನಿಂತುವು. ಹೀಗೆ ಮರವು ಉಳಿದರೂ ಅದರ ಉಪಯೋಗವು ಗ್ರಾಮಜೀವನದಿಂದ ಬೇರ್ಪಟ್ಟಿತು. ಉಪಯೋಗವಿಲ್ಲವೆಂದು ತೋರಿದ ಮರವು ಸೌದೆಯಾಗುವುದು ಸಹಜವೇ ಆಗಿದೆ.

ಆದರೆ ಉಪಯೋಗವು ಹೋದದ್ದು ನಿಜವೇ? ಮೊದಲು ಸೊಪ್ಪಿನ ವಿಚಾರವನ್ನು ನೋಡಬಹುದು. ಒಣಗಿಸಿ ತೂಗಿದ ಹೊಂಗೆ ಸೊಪ್ಪಿನಲ್ಲಿ ಶೇಕಡ 3ಕ್ಕೂ ಸ್ವಲ್ಪ ಹೆಚ್ಚಾಗಿ ಸಾರಜನಕವೂ, ಶೇಕಡ 2ಕ್ಕೆ ಮೇಲ್ಪಟ್ಟು ಪೊಟ್ಯಾಷೂ, ಸ್ವಲ್ಪ ರಂಜಕವೂ ಇರುತ್ತವೆ. ಹಸಿರೆಲೆ ಗೊಬ್ಬರಕ್ಕೆಂದು ಬೆಳೆಸುವ ಗಿಡಮರಗಳ ಪೈಕಿ ಸಾರಜನಕದ ಅಂಶದಲ್ಲಿ ಹೊಂಗೆಯು ಮೇಲಿನ ಸಾಲಿಗೇ ಸೇರುತ್ತದೆ. ಮಧ್ಯ ಅಮೆರಿಕದಿಂದ ಬಂದು ಈಗ ಎಲ್ಲ ಕಡೆಯೂ ಹಬ್ಬಿರುವ ಗ್ಲಿರಿಸಿಡಿಯ ಅಥವಾ ಗೊಬ್ಬರದ ಗಿಡವು ಬೇಗನೆ ಬೆಳೆಯುವುದೇನೋ ನಿಜ; ಬದುವಿಗೆ ಅದೂ ಯೋಗ್ಯವಾದದ್ದೇ. ಆದರೆ ಅದರಿಂದ ಎಣ್ಣೆಯ ಬೀಜವು ದೊರೆಯುವುದಿಲ್ಲ. ಭತ್ತದ ಗದ್ದೆಗೆ ಎಕರೆಯೊಂದಕ್ಕೆ ಸುಮಾರು 2 ಟನ್ ಹಸಿ ಸೊಪ್ಪು ಬೇಕಾಗುತ್ತದೆ. ನಾಟಿಗೆ ಒಂದೆರಡು ವಾರ ಮುಂಚೆ ಇದನ್ನು ಕೆಸರಿನಲ್ಲಿ ಹರಡಿ, ಚೆನ್ನಾಗಿ ತುಳಿಸಿ, ನೀರು ನಿಲ್ಲಿಸಿದರೆ ಎಳೆಯ ಸೊಪ್ಪು ಕೊಳೆತು ಮಣ್ಣಿಗೆ ಸೇರುತ್ತದೆ. ಚೆನ್ನಾಗಿ ಬೆಳೆದ ಮರವೊಂದರಿಂದ ವರ್ಷಕ್ಕೆ 100 ಕಿಲೋಗ್ರಾಂ ಹಸಿ ಸೊಪ್ಪು ದೊರೆಯುವುದೆಂದಿಟ್ಟುಕೊಂಡರೆ ಎಕರೆ ಗದ್ದೆಗೆ ಇಪ್ಪತ್ತು ಮರಗಳು ಸಾಕು. ರಾಗಿಯ ಸೀಮೆಯಲ್ಲಿ ಇದೇ ಸೊಪ್ಪನ್ನು ತಿಪ್ಪೆಯಲ್ಲಿ ಸಗಣಿ ಕಸಗಳೊಂದಿಗೆ ಪದರ ಪದರವಾಗಿ ಹಾಕಿ ಕೊಳೆಯಿಸಬಹುದು.

ಇನ್ನು ಬೀಜದ ವಿಚಾರ. ಮುಖ್ಯವಾದ ತತ್ತ್ವವೊಂದು ಇಲ್ಲಿ ಅಡಗಿದೆ. ಜಮೀನುದಾರರು ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಹೊಂಗೆಯ ಬೀಜದಲ್ಲಿ ಶೇಕಡ 27ರಿಂದ 39ರವರೆಗೆ ಎಣ್ಣೆಯಿರುತ್ತದೆ. ಯಂತ್ರದಲ್ಲಿ ಅರೆದಾಗ 100 ಕಿಲೋಗ್ರಾಂ ಬೀಜದಿಂದ ಸುಮಾರು 25 ಕಿಲೋಗ್ರಾಂ ಎಣ್ಣೆ ದೊರೆತು, 70 ಕಿಲೋಗ್ರಾಂಗಿಂತ ಹೆಚ್ಚಿನ ಹಿಂಡಿ ಉಳಿಯುತ್ತದೆ. ಎಣ್ಣೆಯೆಂಬುದು ಇಂಗಾಲ, ಜಲಜನಕ, ಆಮ್ಲಜನಕಗಳಿಂದ ಕೂಡಿದ ವಸ್ತು. ಮರವು ಈ ಮೂರನ್ನೂ ಗಾಳಿಯಿಂದಲೂ ನೀರಿನಿಂದಲೂ ಪಡೆಯುತ್ತದೆಯೇ ಹೊರತು ಮಣ್ಣಿನ ಸಾರದಿಂದಲ್ಲ. ಮಣ್ಣಿನಿಂದ ಬೇರು ಹೀರಿಕೊಂಡ ರಂಜಕ, ಪೊಟ್ಯಾಷುಗಳೂ, ಬೇರಿನ ಗಂಟುಗಳು ದುಡಿದು ಕೂಡಿಸಿದ ಸಾರಜನಕವೂ ಬಹುಮಟ್ಟಿಗೆ ಹಿಂಡಿಯಲ್ಲಿಯೇ ಉಳಿಯುತ್ತವೆ. ಹಿಂಡಿಯಲ್ಲಿ ಸುಮಾರು ಶೇಕಡ 4ರಷ್ಟು ಸಾರಜನಕವೂ, ರಂಜಕ ಮತ್ತು ಪೊಟ್ಯಾಷು ಸುಮಾರು ಶೇಕಡ 1ರಷ್ಟೂ ಇರುತ್ತವೆ. ಆದುದರಿಂದ ಎಣ್ಣೆಯನ್ನು ಮಾರಿದವನು ಭೂಮಿಗೆ ಏನನ್ನೂ ಕಳೆದಂತಾಗುವುದಿಲ್ಲ. ಬೀಜವನ್ನು ಮಾರಿದವನಾದರೋ ಎಣ್ಣೆಯ ಜೊತೆಯಲ್ಲಿ ತನ್ನ ಹೊಲದ ಸಾರವನ್ನೂ ಮಾರಿದಂತಾಗುತ್ತದೆ. ಎಣ್ಣೆಯು ಊರು ಬಿಡಬಹುದು. ಹಿಂಡಿಯು ಊರು ಬಿಡಬಾರದು.

ಈ ತತ್ತ್ವವು ಹೊಸದಲ್ಲ. ಇಂಗ್ಲೆಂಡಿನ ಕೃಷಿ ರಸಾಯನಶಾಸ್ತ್ರಜ್ಞರಾದ ಡಾಕ್ಟರ್ ವೋಲ್ಕರ್ ಎಂಬುವರು ಹಿಂದೂಸ್ಥಾನದ ವ್ಯವಸಾಯವನ್ನು ಪರಿಶೀಲಿಸಿ 1893ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸೌದೆಯ ಅಭಾವದಿಂದ ಸಗಣಿಯು ಒಲೆಗೆ ಹೋಗುತ್ತಿರುವುದನ್ನು ತೋರಿಸಿ, ಸೌದೆ ಮೇವುಗಳ ತೋಪುಗಳನ್ನು ಬೆಳೆಸುವುದು ಅಗತ್ಯವೆಂದು ವಾದಿಸಿದ್ದರು. ಹೊಲದಿಂದ ಹೊರಟದ್ದು ಹೊಲಕ್ಕೆ ಹಿಂದಿರುಗಬೇಕೆಂಬುದೇ ಅವರ ವಾದದ ತಿರುಳು. ಅಂದು ಸಗಣಿಗೆ ಸಂಬಂಧಿಸಿದ್ದ ಮಾತು ಇಂದು ಹೊಂಗೆಯ ಹಿಂಡಿಗೂ ಅನ್ವಯಿಸುತ್ತದೆ.

ಹೊಂಗೆ ಎಣ್ಣೆಗೆ ಇತ್ತೀಚಿನ ದಶಕಗಳಲ್ಲಿ ಮತ್ತೆ ಗೌರವ ಬಂದಿತು. 1990ರ ದಶಕದ ಕೊನೆಯ ವೇಳೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು, ಡೀಸೆಲ್ ಎಂಜಿನುಗಳನ್ನು ಹೊಂಗೆ ಎಣ್ಣೆಯಿಂದ ನಡೆಸಿ ಹಳ್ಳಿಗಳಲ್ಲಿ ನೀರೆತ್ತಬಹುದೆಂಬುದನ್ನು ತೋರಿಸಿಕೊಟ್ಟರು. 2007ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹಾಸನದ ಹತ್ತಿರ ಮಡೇನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಸ್ಥಾಪಿಸಿತು. 2009ರಲ್ಲಿ ಕರ್ನಾಟಕ ಸರ್ಕಾರವು ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು. ಈ ಪ್ರಯತ್ನಗಳೆಲ್ಲ ಶ್ಲಾಘನೀಯವಾದುವು. ಆದರೆ ಅವುಗಳ ಸುದ್ದಿಯು ಹಳ್ಳಿಯನ್ನು ಮುಟ್ಟುವ ವೇಳೆಗೆ ಒಂದೇ ಪ್ರಶ್ನೆಯಾಗಿ ಪರಿಣಮಿಸಿತು: ಬೀಜಕ್ಕೆ ಎಷ್ಟು ರೂಪಾಯಿ? ಬೆಲೆಯು ನಿರೀಕ್ಷಿಸಿದಷ್ಟು ಬಾರದಿದ್ದ ಕಡೆ ಉತ್ಸಾಹವು ಇಳಿದುಹೋಯಿತು. ಬೀಜದ ಬೆಲೆಯೊಂದನ್ನೇ ಮುಂದಿಟ್ಟುಕೊಂಡು ಹೊಂಗೆಯನ್ನು ಅಳೆದರೆ ಇನ್ನು ಮುಂದೆಯೂ ಹೀಗೆಯೇ ಆಗುವುದು. ಎಣ್ಣೆಯ ಪೇಟೆಯು ಏರಿ ಇಳಿಯುತ್ತಿರುತ್ತದೆ. ಸೊಪ್ಪು ಹಿಂಡಿಗಳಿಂದ ಮಣ್ಣಿಗಾಗುವ ಪ್ರಯೋಜನಕ್ಕೆ ಪೇಟೆಯ ಏರಿಳಿತದ ಹಂಗಿಲ್ಲ. ಆದಕಾರಣ ಗ್ರಾಮದ ಲೆಕ್ಕದಲ್ಲಿ ಸೊಪ್ಪು ಮೊದಲನೆಯದಾಗಿಯೂ, ಹಿಂಡಿ ಎರಡನೆಯದಾಗಿಯೂ, ಎಣ್ಣೆ ಮೂರನೆಯದಾಗಿಯೂ ಇರತಕ್ಕದ್ದು.

ಇದಕ್ಕೆ ಜಮೀನುದಾರರು ಹೇಳುವ ಆಕ್ಷೇಪಣೆಗಳು ಮುಖ್ಯವಾಗಿ ಮೂರು. ಅವುಗಳನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಮೊದಲನೆಯದು, ಬದುವಿನ ಹೊಂಗೆಯ ನೆರಳಿನಿಂದ ಪೈರು ಸೊರಗುವುದೆಂಬುದು. ದಟ್ಟವಾಗಿ ಹರಡಿದ ಮರದ ಕೆಳಗೆ ಪೈರಿಗೆ ಬಿಸಿಲು ಸಾಲದೆ ಹೋಗುವುದು ನಿಜ. ಆದರೆ ಇದಕ್ಕೆ ಪರಿಹಾರವು ಮರವನ್ನು ಕಡಿಯುವುದರಲ್ಲಿಲ್ಲ; ಸವರುವುದರಲ್ಲಿದೆ. ಕೆಳಗಿನ ರೆಂಬೆಗಳನ್ನು ವರ್ಷವರ್ಷವೂ ತೆಗೆದು ಕಾಂಡವನ್ನು ಎತ್ತರಕ್ಕೆ ಬಿಟ್ಟರೆ ನೆರಳು ಒಂದೇ ಕಡೆ ನಿಲ್ಲದೆ ಸರಿದಾಡುತ್ತದೆ. ಸವರಿದ ಸೊಪ್ಪು ಅದೇ ಹೊಲಕ್ಕೆ ಗೊಬ್ಬರವಾಗುತ್ತದೆ. ಸಣ್ಣ ಹಿಡುವಳಿಯವರು ಹೊಲದ ನಡುವಿನ ಬದುಗಳನ್ನು ಬಿಟ್ಟು ಎಲ್ಲೆಯ ಬದುವಿನಲ್ಲಿಯೂ ದಾರಿಯ ಮಗ್ಗುಲಿನಲ್ಲಿಯೂ ಮಾತ್ರ ನೆಡುವುದು ಲೇಸು.

ಎರಡನೆಯದು, ಹೊಂಗೆಯು ಫಲ ಕೊಡುವುದು ತಡವೆಂಬುದು. ಬೀಜದಿಂದ ಎದ್ದ ಗಿಡವು ಕಾಯಿ ಬಿಡುವುದಕ್ಕೆ ನಾಲ್ಕರಿಂದ ಏಳು ವರ್ಷಗಳು ಹಿಡಿಯುತ್ತವೆ. ಇಳುವರಿಯೂ ಮರದಿಂದ ಮರಕ್ಕೆ ಬಹಳ ಭಿನ್ನವಾಗಿರುತ್ತದೆ. ವರ್ಷಕ್ಕೆ 10 ಕಿಲೋಗ್ರಾಂ ಕೊಡದ ಮರಗಳೂ ಇವೆ, ಅದರ ಹಲವು ಪಟ್ಟು ಕೊಡುವ ಮರಗಳೂ ಇವೆ. ಕಂಡ ಕಂಡ ಮರದ ಬೀಜವನ್ನು ತಂದು ಬಿತ್ತಿದ್ದರಿಂದಲೇ ಎಷ್ಟೋ ನೆಡುತೋಪುಗಳು ನಿರಾಶೆಯನ್ನುಂಟುಮಾಡಿದುವು. ಊರಿನಲ್ಲಿ ವರ್ಷವರ್ಷವೂ ತಪ್ಪದೆ ಹೆಚ್ಚು ಕಾಯಿ ಕಟ್ಟುವ ಮರಗಳು ಯಾವುವೆಂಬುದು ಕಾಯಿ ಆಯುವ ಹೆಂಗಸರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ಕೇಳಿ ಆ ಮರಗಳನ್ನು ಗುರುತು ಹಾಕಿ, ಅವುಗಳ ಬೀಜವನ್ನೇ ಬಿತ್ತುವುದು, ಅಥವಾ ಅವುಗಳ ಕುಡಿಯಿಂದ ಕಸಿ ಮಾಡಿದ ಗಿಡಗಳನ್ನು ನೆಡುವುದು ಉತ್ತಮ. ಕಸಿಗಿಡಗಳು ಬೇಗನೆ ಕಾಯಿ ಬಿಡುತ್ತವೆ.

ಮೂರನೆಯದು, ಚೀಲದ ಗೊಬ್ಬರವಿರುವಾಗ ಈ ತೊಡಕೇಕೆ ಎಂಬುದು. ಇಲ್ಲಿ ಲೆಕ್ಕವನ್ನು ಇದ್ದಂತೆಯೇ ಹೇಳಬೇಕು. 45 ಕಿಲೋಗ್ರಾಂ ಯೂರಿಯದ ಒಂದು ಚೀಲದಲ್ಲಿ 20 ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚು ಸಾರಜನಕವಿರುತ್ತದೆ. ಅಷ್ಟು ಸಾರಜನಕವು ಹೊಂಗೆ ಹಿಂಡಿಯಿಂದ ದೊರೆಯಬೇಕಾದರೆ ಸುಮಾರು 500 ಕಿಲೋಗ್ರಾಂ ಹಿಂಡಿ ಬೇಕು. ಹಿಂಡಿಯು ಯೂರಿಯಕ್ಕೆ ಪೂರ್ತಿಯಾಗಿ ಬದಲಾಗುವುದೆಂದು ಹೇಳುವವರು ರೈತನನ್ನು ದಾರಿ ತಪ್ಪಿಸುತ್ತಾರೆ. ಆದರೆ ಯೂರಿಯವು ಸಾರಜನಕವೊಂದನ್ನೇ ಕೊಡುತ್ತದೆ. ಹಿಂಡಿಯು ಅದರೊಡನೆ ರಂಜಕ, ಪೊಟ್ಯಾಷುಗಳನ್ನೂ, ಮಣ್ಣನ್ನು ಸಡಿಲವಾಗಿಯೂ ತೇವವಾಗಿಯೂ ಇಡುವ ಸಾವಯವ ಪದಾರ್ಥವನ್ನೂ ಕೊಡುತ್ತದೆ. ಯೂರಿಯವು ಬೇಗನೆ ಕರಗಿ, ಅದರ ಸಾರಜನಕದಲ್ಲಿ ಒಂದು ಭಾಗವು ನೀರಿನೊಡನೆ ಇಳಿದೂ ಗಾಳಿಗೆ ಸೇರಿಯೂ ನಷ್ಟವಾಗುತ್ತದೆ. ಹಿಂಡಿಯು ಸಾವಕಾಶವಾಗಿ ಕೊಳೆತು ಪೈರಿಗೆ ಒದಗುತ್ತದೆ. ಅಲ್ಲದೆ ಹೊಂಗೆಯಲ್ಲಿರುವ ಕರಂಜಿನ್ ಎಂಬ ಕಹಿ ವಸ್ತುವಿಗೆ, ಮಣ್ಣಿನಲ್ಲಿ ಸಾರಜನಕವು ನೈಟ್ರೇಟಾಗಿ ಮಾರ್ಪಡುವ ವೇಗವನ್ನು ತಗ್ಗಿಸುವ ಗುಣವುಂಟು. ಯೂರಿಯಕ್ಕೆ ಬೇವಿನ ಎಣ್ಣೆಯನ್ನು ಲೇಪಿಸಬೇಕೆಂದು ಕೇಂದ್ರ ಸರ್ಕಾರವು 2015ರಲ್ಲಿ ಕಡ್ಡಾಯ ಮಾಡಿದ್ದಕ್ಕೆ ಇಂತಹ ಗುಣವೇ ಒಂದು ಕಾರಣ. ಬೇರಿಗೆ ಹತ್ತುವ ಜಂತುಹುಳುಗಳನ್ನು ಹತೋಟಿಯಲ್ಲಿಡುವುದಕ್ಕೂ ಹಿಂಡಿಯು ಸಹಾಯಕವಾಗಿದೆ. ಆದುದರಿಂದ ಚೀಲದ ಗೊಬ್ಬರವೋ ಹಿಂಡಿಯೋ ಎಂಬ ವಾದವು ಸರಿಯಲ್ಲ. ಹಿಂಡಿ ಸೊಪ್ಪುಗಳನ್ನು ಹಾಕಿದ ನೆಲದಲ್ಲಿ ಚೀಲದ ಗೊಬ್ಬರವು ಕಡಮೆಯಾಗಿಯೂ ಸಾರ್ಥಕವಾಗಿಯೂ ವೆಚ್ಚವಾಗುವುದೆಂಬುದೇ ವಿವೇಕಿಗಳು ಗಮನಿಸತಕ್ಕ ಅಂಶ.

ಎರಡು ಎಚ್ಚರಿಕೆಗಳನ್ನೂ ಇಲ್ಲಿ ಹೇಳುವುದು ಅವಶ್ಯಕ. ಹೊಂಗೆ ಎಣ್ಣೆಯು ಅಡಿಗೆಗೆ ಸಲ್ಲದು; ಹಿಂಡಿಯನ್ನು ದನಗಳಿಗೆ ಇಡಬಾರದು. ಕಡಲೆಕಾಯಿಯ ಹಿಂಡಿಯನ್ನೂ ಹೊಂಗೆಯ ಹಿಂಡಿಯನ್ನೂ ಒಂದೇ ಕೊಟ್ಟಿಗೆಯಲ್ಲಿ ಒತ್ತಟ್ಟಿಗೆ ಇಡದೆ ಬೇರೆ ಬೇರೆ ಕಡೆ ಇಡುವುದು ಕ್ಷೇಮ. ಎರಡನೆಯದಾಗಿ, ಕೆರೆಯ ಏರಿಯ ಮೈಮೇಲೆ ಮರಗಳನ್ನು ನೆಡಬಾರದು. ದೊಡ್ಡ ಮರದ ಬೇರುಗಳು ಮಣ್ಣಿನ ಏರಿಯನ್ನು ಹೊಕ್ಕು, ಮುಂದೆ ಬೇರು ಸತ್ತು ಕೊಳೆತಾಗ ನೀರು ಜಿನುಗುವುದಕ್ಕೆ ದಾರಿಯಾಗುತ್ತದೆ. ಕೆರೆಯ ಅಂಗಳದ ಮೇಲಂಚು, ಹಳ್ಳದ ದಂಡೆ, ಗುಂಡುತೋಪು, ದಾರಿಯ ಮಗ್ಗುಲು, ಸ್ಮಶಾನದ ಸುತ್ತು, ಶಾಲೆಯ ಬಯಲು, ಇವೇ ಹೊಂಗೆಗೆ ತಕ್ಕ ಸ್ಥಳಗಳು.

ಇಷ್ಟೆಲ್ಲವನ್ನೂ ಒಬ್ಬೊಬ್ಬ ರೈತನು ಬೇರೆ ಬೇರೆಯಾಗಿ ಮಾಡಲಾರನು. ಹೊಂಗೆಯ ಮರಗಳಲ್ಲಿ ಬಹುಪಾಲು ಊರೊಟ್ಟಿನ ಜಾಗದಲ್ಲಿರುವುದರಿಂದ ಅವುಗಳ ಹೊಣೆಯೂ ಊರೊಟ್ಟಿನದಾಗಬೇಕು. ಗಿಡ ನೆಡುವ ಸಮಾರಂಭಗಳಿಗೆ ಯಾವ ಊರಿನಲ್ಲಿಯೂ ಕೊರತೆಯಿಲ್ಲ. ನೆಟ್ಟ ಗಿಡವನ್ನು ಮೂರು ಬೇಸಗೆ ಕಾಯುವವರಿಗೆ ಮಾತ್ರ ಕೊರತೆಯಿದೆ. ದನಗಳು ಹೊಂಗೆಯ ಎಲೆಯನ್ನು ಸಾಮಾನ್ಯವಾಗಿ ಇಷ್ಟಪಟ್ಟು ತಿನ್ನದಿರುವುದರಿಂದ ಬೇರೆ ಗಿಡಗಳಷ್ಟು ಕಾವಲು ಇದಕ್ಕೆ ಬೇಡ. ಆದರೂ ತುಳಿತದಿಂದಲೂ, ಬೇಸಗೆಯಲ್ಲಿ ಬದುವಿನ ಹುಲ್ಲಿಗೆ ಇಡುವ ಬೆಂಕಿಯಿಂದಲೂ ಎಳೆಯ ಗಿಡಗಳು ಸಾಯುತ್ತವೆ. ಮೊದಲ ಮಳೆಯೊಡನೆ ಒಂದೂವರೆ ಅಡಿ ಗುಣಿ ತೆಗೆದು, ಹದಿನೈದರಿಂದ ಇಪ್ಪತ್ತು ಅಡಿ ಅಂತರದಲ್ಲಿ ಗಿಡವಿಟ್ಟು, ಸುತ್ತಲೂ ಮುಳ್ಳು ಕಟ್ಟಿ, ಬೇಸಗೆಯಲ್ಲಿ ಬುಡದ ಒಣಹುಲ್ಲನ್ನು ಕಿತ್ತು ಹಾಕುವುದಷ್ಟೇ ಬೇಕಾದ ಕೆಲಸ.

ಬೆಳೆದ ಮರಗಳ ವಿಷಯದಲ್ಲಿ ಗ್ರಾಮದ ಹಿರಿಯರು ಗ್ರಾಮಸಭೆಯಲ್ಲಿ ನಾಲ್ಕು ಕಟ್ಟುಪಾಡುಗಳನ್ನು ಮಾಡಿಕೊಂಡರೆ ಸಾಕಾಗುತ್ತದೆ. ಮೊದಲನೆಯದಾಗಿ, ಊರೊಟ್ಟಿನ ಹೊಂಗೆಮರಗಳನ್ನು ಎಣಿಸಿ ಪಂಚಾಯಿತಿಯ ಪುಸ್ತಕದಲ್ಲಿ ಬರೆದಿಡಬೇಕು. ಎಣಿಕೆಯಿಲ್ಲದ ಆಸ್ತಿಯು ಕಳೆದರೂ ತಿಳಿಯುವುದಿಲ್ಲ. ಎರಡನೆಯದಾಗಿ, ಸೊಪ್ಪಿನ ಮರಗಳನ್ನೂ ಕಾಯಿಯ ಮರಗಳನ್ನೂ ಬೇರೆ ಬೇರೆಯಾಗಿ ವಿಂಗಡಿಸಬೇಕು. ಪ್ರತಿ ವರ್ಷವೂ ತುದಿಯವರೆಗೆ ಸವರಿದ ಮರದಿಂದ ಕಾಯಿಯನ್ನು ನಿರೀಕ್ಷಿಸುವುದು ವ್ಯರ್ಥ. ಮೂರನೆಯದಾಗಿ, ಕಾಯಿ ಆಯುವ ಹಕ್ಕನ್ನು ಹೊರಗಿನ ವರ್ತಕರಿಗೆ ಹರಾಜು ಹಾಕದೆ ಊರಿನ ಬಡ ಹೆಂಗಸರಿಗೆ, ಅವರ ಸಂಘಗಳಿದ್ದರೆ ಆ ಸಂಘಗಳಿಗೆ, ಬಿಟ್ಟುಕೊಡಬೇಕು. ಕಾಯಿಯು ಬಲಿಯುವ ಬೇಸಗೆಯ ತಿಂಗಳುಗಳಲ್ಲಿ ಹೊಲದ ಕೆಲಸವು ಕಡಮೆ; ಆಯುವುದು, ಬಡಿದು ಸಿಪ್ಪೆ ಬಿಡಿಸುವುದು ಆ ಕಾಲದಲ್ಲಿ ಅವರಿಗೆ ಒಂದು ಜೀವನೋಪಾಯ. ನಾಲ್ಕನೆಯದಾಗಿ, ಬೀಜವನ್ನು ಬೀಜವಾಗಿಯೇ ಮಾರದೆ ಹತ್ತಿರದ ಗಾಣದಲ್ಲಿ ಅರೆಯಿಸಿ, ಎಣ್ಣೆಯನ್ನು ಮಾರಿ, ಹಿಂಡಿಯನ್ನು ಊರಿನ ರೈತರೇ ನ್ಯಾಯವಾದ ಬೆಲೆ ಕೊಟ್ಟು ಕೊಳ್ಳಬೇಕು. ಒಂದು ಊರಿನ ಬೀಜವು ಗಾಣಕ್ಕೆ ಸಾಲದಿದ್ದರೆ ನಾಲ್ಕಾರು ಊರುಗಳು ಸೇರಬಹುದು.

ಈ ನಾಲ್ಕನೆಯ ಕಟ್ಟುಪಾಡೇ ಅತ್ಯಂತ ಕಷ್ಟವಾದದ್ದು, ಮುಖ್ಯವಾದದ್ದೂ ಅದೇ. ಕೈಯಲ್ಲಿ ಕಾಸಿಲ್ಲದ ಬಡವಳು ಮನೆಯ ಬಾಗಿಲಿಗೆ ಬಂದ ವರ್ತಕನಿಗೆ ಬೀಜವನ್ನು ಅಂದೇ ಮಾರಿದರೆ ಅವಳನ್ನು ದೂರಲಾಗದು. ಗಾಣದ ದಾರಿಯನ್ನು ನೋಡುತ್ತ ಕಾಯುವ ಶಕ್ತಿಯು ಅವಳಿಗಿಲ್ಲ. ಆ ಶಕ್ತಿಯಿರುವುದು ಜಮೀನುದಾರರಿಗೆ. ಅವರು ಬೀಜಕ್ಕೆ ಮುಂಗಡವಾಗಿ ಹಣವನ್ನು ಕೊಟ್ಟು, ಅರೆಯಿಸಿ, ಹಿಂಡಿಯನ್ನು ತಮ್ಮ ತೆಂಗು, ಅಡಕೆ, ಕಬ್ಬು, ಹಿಪ್ಪುನೇರಳೆಗಳಿಗೆ ಬಳಸಿಕೊಂಡರೆ ಉಪಕಾರ ಮಾಡಿದಂತಾಗುವುದು ಬಡವರಿಗೆ ಮಾತ್ರವಲ್ಲ. ಅವರವರ ಭೂಮಿಗೆ ಕೂಡ. ಊರಿನ ಬೀಜವನ್ನು ಊರು ಮಾರಿ, ಅದೇ ಬೀಜದ ಹಿಂಡಿಯನ್ನು ಪಟ್ಟಣದ ಅಂಗಡಿಯಲ್ಲಿ ಚೀಲದ ಲೆಕ್ಕದಿಂದ ಮತ್ತೆ ಕೊಳ್ಳುವ ವ್ಯವಹಾರದಲ್ಲಿ ಲಾಭವು ಯಾರಿಗೆಂಬುದನ್ನು ವಿವರಿಸಬೇಕಾಗಿಲ್ಲ. ಯಾವ ಬೆಳೆಗೆ ಎಷ್ಟು ಹಿಂಡಿಯೆಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಮಣ್ಣಿನ ಪರೀಕ್ಷೆಯ ಮೇಲೆ ವಿಚಾರಿಸಿ ತಿಳಿದುಕೊಳ್ಳಬಹುದು.

ನೂರು ಮರಗಳಿರುವ ಊರೊಂದು ಅರ್ಧವನ್ನು ಸೊಪ್ಪಿಗೂ ಅರ್ಧವನ್ನು ಕಾಯಿಗೂ ಬಿಟ್ಟಿತೆಂದು ಭಾವಿಸಬಹುದು. ಮರಕ್ಕೆ 100 ಕಿಲೋಗ್ರಾಂ ಸೊಪ್ಪು, 20 ಕಿಲೋಗ್ರಾಂ ಬೀಜವೆಂಬ ಮಿತವಾದ ಲೆಕ್ಕದಲ್ಲಿ, ಎರಡೂವರೆ ಎಕರೆ ಗದ್ದೆಗೆ ಸಾಕಾಗುವ ಸೊಪ್ಪೂ, 250 ಕಿಲೋಗ್ರಾಂ ಎಣ್ಣೆಯೂ, 700 ಕಿಲೋಗ್ರಾಂ ಹಿಂಡಿಯೂ ವರ್ಷವರ್ಷವೂ ದೊರೆಯುತ್ತವೆ. ಇದು ಇಡೀ ಊರಿನ ಹೊಲಗದ್ದೆಗಳಿಗೆ ಸಾಲದೆಂಬುದು ಸ್ಪಷ್ಟ. ಆದರೆ ಇದಕ್ಕಾಗಿ ಉಳಬೇಕಾದ ನೆಲವಾಗಲಿ, ಹಾಯಿಸಬೇಕಾದ ನೀರಾಗಲಿ, ಮಾಡಬೇಕಾದ ಸಾಲವಾಗಲಿ ಇಲ್ಲ. ನೂರು ಮರಗಳು ಐನೂರಾದರೆ ಲಾಭವೂ ಐದುಪಟ್ಟಾಗುವುದು. ಐವತ್ತಾದರೆ ಇದ್ದದ್ದರಲ್ಲಿ ಅರ್ಧ ಹೋದಂತಾಗುವುದು.

ಹೊಂಗೆಯ ಮರವು ಊರಿಗೆ ನೆರಳನ್ನು ಕೊಡುವುದು ಎಲ್ಲರಿಗೂ ಕಾಣುತ್ತದೆ; ಮಣ್ಣಿಗೆ ಅನ್ನವನ್ನು ಕೊಡುವುದು ಕಾಣುವುದಿಲ್ಲ. ಕಾಣದ ಈ ಉಪಕಾರವನ್ನು ಲೆಕ್ಕಕ್ಕೆ ತಂದು, ಊರಿನವರಿಗೆ ತಿಳಿಯಹೇಳಿ, ಕಟ್ಟುಪಾಡಿನಿಂದ ಉಳಿಸಿಕೊಡುವ ಕೆಲಸವು ಗ್ರಾಮದ ಹಿರಿಯರದು. ಬರುವ ಮಳೆಗಾಲಕ್ಕೆ ಹೊಸ ಗಿಡಗಳನ್ನು ತರಿಸುವ ಮೊದಲು ಅವರು ಇರುವ ಮರಗಳನ್ನು ಒಮ್ಮೆ ಎಣಿಸಲಿ. ಬರುವ ಬೇಸಗೆಗೆ ವರ್ತಕರ ಗಾಡಿ ಬರುವ ಮೊದಲು ಗಾಣವನ್ನು ಗೊತ್ತುಮಾಡಲಿ. ಇವೆರಡನ್ನೂ ಮಾಡಿದ ಊರಿನಲ್ಲಿ ಹೊಂಗೆಗೆ ಕೊಡಲಿ ಹಾಕುವವನು ಹತ್ತು ಸಲ ಯೋಚಿಸುವ ಕಾಲವು ತಾನಾಗಿಯೇ ಬರುವುದು.